ಅಧ್ಯಕ್ಷರಿಗೆ ಪಾಸ್‌ವರ್ಡ್ ಬೇಡ

ಕಂಪ್ಯೂಟರ್ ರಿಪೇರಿಗೆ ಹೋದವನಿಗೆ ಕೆಟ್ಟ ಕಂಪ್ಯೂಟರಿಗಿಂತ ಅದರ ಸುತ್ತ ನಿಂತವರೇ ಹೆಚ್ಚು ಕೆಲಸ ಕೊಡುತ್ತಾರೆ. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಇದನ್ನೇ ನೋಡುತ್ತ ಬಂದಿದ್ದೇನೆ. ಗೌರಿಬಿದನೂರು ಕಡೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಎಂಟು ಮುದಿ ಕಂಪ್ಯೂಟರುಗಳಿದ್ದವು. ಸೋಮವಾರ ತಪಾಸಣೆಗೆ ಬರುವ ಅಧಿಕಾರಿಯ ಮುಂದೆ ಮಕ್ಕಳು ಅವುಗಳಲ್ಲಿ ಕೆಲಸ ಮಾಡಿ ತೋರಿಸದಿದ್ದರೆ ಕಂಪ್ಯೂಟರು ಗುಜರಿಗೆ, ಕೋಣೆ ಆಡಳಿತ ಮಂಡಳಿಯ ಮೀಟಿಂಗಿಗೆ. ಆ ಮೀಟಿಂಗಿನಲ್ಲಿ ನಡೆಯುವುದು ಬೋಂಡ ತಿನ್ನುವ ಕಲಾಪವೊಂದೇ.

೧. ಬೇಗ ಬಂದದ್ದೇ ತಪ್ಪು

ಎಂಟಕ್ಕೂ ಹಳೆಯ ಆಪರೇಟಿಂಗ್ ಸಿಸ್ಟಮ್ ತೆಗೆದು, ಮುದಿ ಯಂತ್ರಕ್ಕೆ ಒಗ್ಗುವ ಹಗುರವಾದ ಲಿನಕ್ಸ್ ಡೆಸ್ಕ್‌ಟಾಪ್ ಹಾಕಿದೆ. ಹತ್ತು ನಿಮಿಷ ಮುಲುಕುತ್ತಿದ್ದದ್ದು ಅರೆನಿಮಿಷಕ್ಕೆ ಎದ್ದು ಕೂತಿತು. ಹೆಡ್‌ಮಾಸ್ಟರ ಮುಖ ಸಪ್ಪಗಾಯಿತು.

"ಇಷ್ಟ್ ಬೇಗ ಬಂದ್ರೆ ಒಳಗೆ ಏನೂ ಇಲ್ಲ ಅಂತ ಅಲ್ವೇನಪ್ಪ? ಮೊದ್ಲು ಆನ್ ಮಾಡ್ಬಿಟ್ಟು ಟೀ ಕುಡ್ಕೊಂಡ್ ಬರ್ತಿದ್ವಿ."

ಟೀಗೆ ಈಗಲೂ ಹೋಗಬಹುದು ಸಾರ್ ಅಂದೆ. ಆಮೇಲೇ ಒಪ್ಪಿದ್ದು.

೨. ಯಾರ ಹೆಸರು ಮೇಲೆ

ಲಾಗಿನ್ ಪರದೆಯಲ್ಲಿ ಹೆಸರುಗಳು ಅಕಾರಾದಿಯಾಗಿ ಬಂದವು. ಅಟೆಂಡರ್ ಮೊದಲು, ಹೆಡ್‌ಮಾಸ್ಟರ್ ಕೊನೆಗೆ.

"ಹಾಜರಿ ಪುಸ್ತಕದಲ್ಲಿ ಯಾರ ಹೆಸರು ಮೊದ್ಲೈತೆ, ನೋಡ್ಕೊಂಡ್ ಬಾರಪ್ಪ" ಎಂದರು.

ಹೆಸರಿನ ಮುಂದೆ ಒಂದನೇ ನಂಬರು ಹಾಕಿ ಅವರನ್ನು ಮೇಲೇರಿಸಿದೆ. ಸುದ್ದಿ ಹಬ್ಬಿ ಕಾರ್ಯದರ್ಶಿ, ಉಪಾಧ್ಯಕ್ಷರು, ಒಂಬತ್ತು ಸದಸ್ಯರು ಬಂದರು. ಒಬ್ಬರೂ ಮೌಸ್ ಮುಟ್ಟಿದವರಲ್ಲ. ಆದರೂ ಆಹ್ವಾನ ಪತ್ರಿಕೆಯ ಕ್ರಮದಲ್ಲೇ ಹೆಸರು ಹಾಕಿಸಿಕೊಂಡರು. ಕೊನೆಯಲ್ಲಿದ್ದ 'ಮಕ್ಕಳು' ಆ ಚಿಕ್ಕ ಪರದೆಯಿಂದ ಕೆಳಗೆ ಜಾರಿ ಕಾಣದಾಯಿತು. ಇಬ್ಬರ ಹೆಸರಾದರೂ ತೆಗೆಯೋಣ ಅಂದರೆ ಕಾರ್ಯದರ್ಶಿ ಒಪ್ಪಲಿಲ್ಲ.

"ಮಕ್ಕಳು ತಾನೇ, ಅಡ್ಜಸ್ಟ್ ಮಾಡ್ಕೊಳ್ತಾರೆ ಬಿಡು."

೩. ಖಾಲಿ ಇದ್ದ ಜಾಗ

ಕಡೆಗೆ ಅಧ್ಯಕ್ಷರು ಬಂದು ಪಟ್ಟಿಯಲ್ಲಿ ಎಲ್ಲರ ತಲೆಯ ಮೇಲೆ ಕೂತರು. ಪಾಸ್‌ವರ್ಡ್ ಏನಿಡಲಿ ಎಂದು ಕೇಳಿದ್ದೇ ನನ್ನ ತಪ್ಪು.

"ಏಮಯ್ಯ, ನಾನ್ ಕಟ್ಟಿಸಿರೋ ಸ್ಕೂಲಲ್ಲಿ ನಾನೇ ಗುರುತು ಹೇಳ್ಕೊಂಡು ಒಳಗ್ ಹೋಗ್ಬೇಕಾ?"

ಅವರೊಬ್ಬರಿಗೆ ಪಾಸ್‌ವರ್ಡ್ ತೆಗೆದುಬಿಟ್ಟೆ.

ಸೋಮವಾರ ಅಧಿಕಾರಿ ಬಂದರು. ಮಕ್ಕಳು ಪರದೆಯಲ್ಲಿ ತಮ್ಮ ಹೆಸರು ಹುಡುಕಿದರು; ಇಲ್ಲ. ಕೆಳಗಿನ ಯಾರ ಹೆಸರು ಒತ್ತಿದರೂ ಪಾಸ್‌ವರ್ಡ್ ಕೇಳುತ್ತಿತ್ತು. ಬಾಗಿಲಲ್ಲಿದ್ದ ನಾನು ಮುಂದೆ ಹೋದರೆ, ಮಕ್ಕಳೇ ಮಾಡಲಿ ಎಂದು ಅಧಿಕಾರಿ ತಡೆದರು. ಮನೆಯಲ್ಲಿ ಕಂಪ್ಯೂಟರ್ ಕಾಣದ ಮಕ್ಕಳವು; ಪಟ್ಟಿಯನ್ನು ಸರಿಸಿ ಕೆಳಗೆ ನೋಡಬಹುದೆಂದು ಗೊತ್ತಿಲ್ಲ. ಕಾರ್ಯದರ್ಶಿ ಆಗಲೇ ಮೀಟಿಂಗ್ ಮೇಜು ಎಲ್ಲಿ ಹಾಕುವುದೆಂದು ಹೆಜ್ಜೆ ಅಳೆಯುತ್ತಿದ್ದರು.

ಅಷ್ಟರಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎಲ್ಲಕ್ಕಿಂತ ಮೇಲಿನ ಹೆಸರನ್ನೂ ಒತ್ತಿ ನೋಡಿದಳು. ತೆರೆಯಿತು. ಪಕ್ಕದವಳಿಗೂ ಹೇಳಿದಳು. ಎರಡು ನಿಮಿಷದಲ್ಲಿ ಎಂಟೂ ಕಂಪ್ಯೂಟರುಗಳಲ್ಲಿ ಮಕ್ಕಳು ಕನ್ನಡ ಟೈಪ್ ಮಾಡುತ್ತಿದ್ದರು. ಅಧಿಕಾರಿ ಬಗ್ಗಿ ನೋಡಿದರು.

"ಯಾರ ಹೆಸರಲ್ಲಮ್ಮ ಮಾಡ್ತಿರೋದು?"

"ಅಧ್ಯಕ್ಷರದು ಸಾರ್. ಅವ್ರು ಬರಲ್ವಲ್ಲ, ಖಾಲಿ ಇತ್ತು."

ಅಧಿಕಾರಿ ನಗಲಿಲ್ಲ. 'ಎಂಟೂ ಕಂಪ್ಯೂಟರುಗಳು ಅಧ್ಯಕ್ಷರ ಹೆಸರಿನಲ್ಲಿ ಸಮರ್ಪಕವಾಗಿ ಕೆಲಸ ಮಾಡುತ್ತಿವೆ' ಎಂದು ವರದಿ ಬರೆದು ಹೋದರು. ಅಧ್ಯಕ್ಷರು ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಆ ಕೋಣೆಯಲ್ಲೇ ತೂಗುಹಾಕಿದ್ದಾರೆ. ಅವರ ಹೆಸರಿನಲ್ಲಿ ಏನಾದರೂ ಕೆಲಸ ಮಾಡಿದ್ದು ಇದೇ ಮೊದಲು. ಇನ್ನು ಆ ಕೋಣೆಯಲ್ಲಿ ಬೋಂಡ ತಿನ್ನುತ್ತೇವೆ ಅನ್ನುವ ಧೈರ್ಯ ಯಾವ ಸದಸ್ಯರಿಗೂ ಇಲ್ಲ.