ಮುಷ್ಕರದಲ್ಲಿದ್ದೇವೆ, ಊಟ ಆಯ್ತಾ?

ಬದಲಾವಣೆ ಬೇಕು ಎಂದು ನಮ್ಮಲ್ಲಿ ಯಾರೂ ಕೇಳಿದವರಿಲ್ಲ. ಆದರೂ ಸೋಮವಾರ ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಒಂದು ಬದಲಾವಣೆ ಬಂದು ಕೂತಿರುತ್ತದೆ. ಅದರ ಹಿಂದೆಯೇ ಬೈಯುವುದಕ್ಕೆ ಒಬ್ಬರು ಬಂದು ನಿಂತಿರುತ್ತಾರೆ. ಬದಲಾವಣೆ ಮಾಡಿದವರು ಬೆಂಗಳೂರಿನಲ್ಲಿ, ಬೈಸಿಕೊಳ್ಳುವವನು ಚನ್ನರಾಯಪಟ್ಟಣದಲ್ಲಿ.

ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ರೀಚಾರ್ಜ್ ಅಂಗಡಿ. ಬೇಸಾಯ, ದನಕರುಗಳ ಬಗ್ಗೆ ಕನ್ನಡದಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವ ಒಂದು ಆ್ಯಪ್ ಇದೆ. ನಾವೆಲ್ಲ ಅದನ್ನು ಕಟ್ಟೆ ಎನ್ನುತ್ತೇವೆ. ಸುತ್ತಮುತ್ತಲಿನ ಬಹಳ ಜನಕ್ಕೆ ಅದನ್ನು ಮೊಬೈಲಿಗೆ ಹಾಕಿಕೊಟ್ಟವನು ನಾನೇ. ಆ ತಪ್ಪಿಗೆ ಆ್ಯಪ್ ನಡೆಸುವ ಬೆಂಗಳೂರಿನ ಕಂಪನಿಯವರು ನನ್ನನ್ನು ಕಟ್ಟೆಯ ಮೇಲ್ವಿಚಾರಕ ಮಾಡಿದರು. ಸಂಬಳವಿಲ್ಲದ ಕೆಲಸ. ಜಗಳ ಬಿಡಿಸುವುದು, ಯಾರಾದರೂ ನಡುವೆ ಸೈಟು ಮಾರಾಟದ ಜಾಹೀರಾತು ತುರುಕಿದರೆ ಅಳಿಸುವುದು, ಇಷ್ಟೇ. ಕಂಪನಿಯಿಂದ ಫೋನ್ ಮಾಡುವುದು ಒಬ್ಬ ಹುಡುಗಿ. ತುಂಬಾ ಮರ್ಯಾದೆಯಿಂದ ಮಾತಾಡುತ್ತಾಳೆ. ನಾನು ಎಷ್ಟೇ ಕೂಗಾಡಿದರೂ ಕೊನೆಗೆ "ಗಮನಕ್ಕೆ ತಗೊಂಡ್ವಿ ಸರ್" ಅನ್ನುತ್ತಾಳೆ. ಅವಳ ಗಮನ ಎಷ್ಟು ದೊಡ್ಡದಿರಬೇಕು ಎಂದು ಯೋಚಿಸಿ ನನಗೆ ತಲೆ ಬಿಸಿಯಾಗುತ್ತದೆ.

ಮುಯ್ಯಿ

ಕಟ್ಟೆಯಲ್ಲಿ ಒಳ್ಳೆಯ ಉತ್ತರಕ್ಕೆ ಓದಿದವರು ಒಂದು ಮೆಚ್ಚುಗೆ ಒತ್ತಬಹುದಿತ್ತು. ಹೆಬ್ಬೆಟ್ಟಿನ ಚಿತ್ರ. ಕಂಪನಿಯವರ ಪ್ರಕಾರ ಅದು ಉತ್ತರದ ಗುಣಮಟ್ಟ ತಿಳಿಯುವುದಕ್ಕೆ. ನಮ್ಮವರ ಪ್ರಕಾರ ಅದು ಮುಯ್ಯಿ. ಮದುವೆ ಮನೆಯಲ್ಲಿ ನೀವು ನಮಗೆ ಹಾಕಿದ್ದನ್ನು ನಿಮ್ಮ ಮನೆ ಮದುವೆಯಲ್ಲಿ ನಾವು ತೀರಿಸುತ್ತೇವಲ್ಲ, ಹಾಗೆ. ನೀವು ನನ್ನ ತೆಂಗಿನ ಉತ್ತರಕ್ಕೆ ಒತ್ತಿದರೆ ನಾನು ನಿಮ್ಮ ಶುಂಠಿ ಉತ್ತರಕ್ಕೆ ಒತ್ತಲೇಬೇಕು. ಶುಂಠಿಯ ಉತ್ತರ ಸರಿಯೋ ತಪ್ಪೋ ಅನ್ನುವ ಮಾತೇ ಇಲ್ಲ. ಮದುವೆ ಗಂಡು ಚೆನ್ನಾಗಿದ್ದಾನಾ ಎಂದು ನೋಡಿ ಯಾರಾದರೂ ಮುಯ್ಯಿ ಹಾಕುತ್ತಾರೆಯೇ?

ಒಂದು ಸೋಮವಾರ ಹೆಬ್ಬೆಟ್ಟು ಮಾಯವಾಯಿತು. ಇನ್ನು ಮೇಲೆ ಎಲ್ಲರೂ ಸಮಾನರು ಎಂದು ಕಂಪನಿಯ ಪ್ರಕಟಣೆ. ಸಾಲಗಾಮೆಯಲ್ಲಿ ಆಲೂಗೆಡ್ಡೆ ಬೆಳೆಯುವ ಗೌಡರೊಬ್ಬರು ಹಾಸನದಲ್ಲಿ ಅವತ್ತಿದ್ದ ಕೆಲಸ ಬಿಟ್ಟು ಬಸ್ ಹತ್ತಿ ನೇರ ನನ್ನ ಅಂಗಡಿಗೆ ಬಂದರು.

"ನಾನ್ ಆಕಿರೋ ಮುಯ್ಯಿ ಏನಾಯ್ತು ಸಾ?"

"ಯಾವ ಮುಯ್ಯಿ ಗೌಡ್ರೇ?"

"ಊರವ್ರ್ಗೆಲ್ಲಾ ಒತ್ತೊತ್ತಿ ಹೆಬ್ಬೆಟ್ಟು ಸವೆದೋಗದೆ. ಈಗ ನಮ್ದು ವಾಪಸ್ ಬರೋ ಟೇಮ್ನಲ್ಲಿ ತೆಗೆದ್ಬುಟ್ರಲ್ಲಾ!"

ಅವರ ಎದುರಿಗೇ ಕಂಪನಿಯ ಹುಡುಗಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅವಳು ಸಮಾಧಾನವಾಗಿ ಹೇಳಿದಳು: "ಸರ್, ಇನ್ನು ಯಾರೂ ಯಾರಿಗೂ ಏನೂ ವಾಪಸ್ ಕೊಡಬೇಕಾಗಿಲ್ಲ ಅಂತ ಅವರಿಗೆ ಹೇಳಿ. ಅವರಿಗೆ ನಿರಾಳ ಆಗುತ್ತೆ."

ಗೌಡರು ಫೋನಿಗೇ ಬಗ್ಗಿ ಕೇಳಿದರು: "ತಾಯಿ, ನಿಮ್ಗೆ ಮದ್ವೆ ಆಗಿ ಅದಾ?"

"ಇಲ್ಲ ಸರ್."

"ಅಂಗೇ ಇರಿ. ಈ ಬುದ್ಧಿ ಇಟ್ಕಂಡು ಆದ್ರೆ ಮದ್ವೆಗೆ ಒಬ್ರೂ ಬರಾಕಿಲ್ಲ."

ಗಮನಕ್ಕೆ ತಗೊಂಡ್ವಿ ಸರ್, ಅಂದಳು.

ಅಕ್ಕನ ಕೋಪ

ಹಳೇಕೋಟೆಯ ಅಕ್ಕ ಅಂದರೆ ಕಟ್ಟೆಯ ದನಕರು ವಿಭಾಗ. ಬೇರೆಯವರೂ ಇದ್ದಾರೆ, ಆದರೆ ಅಕ್ಕ ಹೇಳುವವರೆಗೆ ಯಾರೂ ಹಸುವಿಗೆ ಏನೂ ಮಾಡುವುದಿಲ್ಲ. ಅವರು ಟೈಪ್ ಮಾಡುವುದಿಲ್ಲ, ಫೋನಿಗೆ ಹೇಳುತ್ತಾರೆ, ಫೋನು ಬರೆದುಕೊಳ್ಳುತ್ತದೆ. ಯಾವ ಉತ್ತರವಾದರೂ ಶುರುವಾಗುವುದು "ಊಟ ಆಯ್ತಾ? ಮನೇಲೆಲ್ಲ ಚೆನ್ನಾಗವ್ರಾ?" ಎಂದೇ.

ಮುಂದಿನ ಬದಲಾವಣೆ ಅದಕ್ಕೇ ಬಂತು. ನಮಸ್ಕಾರ, ಕುಶಲ ವಿಚಾರಣೆ ಇವೆಲ್ಲ ಓದುವವರ ಸಮಯ ಹಾಳು ಮಾಡುತ್ತವಂತೆ. ಉತ್ತರದ ಆರಂಭದಲ್ಲಿ ಅಂಥ ಮಾತು ಕಂಡರೆ ಕಂಪ್ಯೂಟರೇ ಕತ್ತರಿಸಿ ಹಾಕುವ ಏರ್ಪಾಡು ಮಾಡಿದರು.

ಅರಕಲಗೂಡಿನ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹಸು ಮೇವು ಬಿಟ್ಟಿದೆ ಎಂದು ಕೇಳಿದರು. ಅಕ್ಕನ ಉತ್ತರ ಬಂತು: "ಬೂಸಾ ಜಾಸ್ತಿ ತಿನ್ನಿಸ್ಬುಟ್ಟಿದ್ದೀರಿ. ನಿಲ್ಸಿ." ಅಷ್ಟೇ.

ಮೇಷ್ಟ್ರು ನನಗೆ ಫೋನ್ ಮಾಡಿದರು. "ಅಕ್ಕನೋರಿಗೆ ನನ್ನಿಂದ ಏನಾದ್ರೂ ಬೇಜಾರಾಗಿದೆಯೇನ್ರೀ? ಊಟಾನೇ ಕೇಳಲಿಲ್ಲ!"

ಇದು ಕಂಪ್ಯೂಟರ್ ಕೆಲಸ ಎಂದು ನಾನು ಹೇಳಿದ್ದನ್ನು ಅವರು ನಂಬಲಿಲ್ಲ. ಮಾರನೆಯ ದಿನ ಬಾಳೆಹಣ್ಣು, ವೀಳ್ಯದೆಲೆ ಕಟ್ಟಿಕೊಂಡು, ಹೊಳೆನರಸೀಪುರದಲ್ಲಿ ಬಸ್ ಬದಲಾಯಿಸಿ, ಹಳೇಕೋಟೆಗೆ ಹೋಗಿ ಅಕ್ಕನ ಮನೆ ಮುಂದೆ ನಿಂತು ಕ್ಷಮೆ ಕೇಳಿದರು. ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ತಿಳಿದ ಮೇಲೆ ನನಗೆ ಫೋನ್ ಬಂತು.

"ಊಟ ಆಯ್ತಾ ಅನ್ನೋದ್ನ ಕಿತ್ತಾಕವ್ನಲ್ಲ, ಅವ್ನು ಅನ್ನ ಉಣ್ಣೋನೇನಪ್ಪಾ?"

"ಅಕ್ಕ, ಆರಂಭದಲ್ಲಿದ್ರೆ ಮಾತ್ರ ಕತ್ತರಿಸುತ್ತಂತೆ. ಉತ್ತರ ಹೇಳಿದ್ಮೇಲೆ ಕೊನೇಲಿ ಕೇಳಿ, ಉಳಿಯುತ್ತೆ."

"ಕೈ ತೊಳೆದ್ಮೇಲೆ ಎಲೆ ಆಕ್ತಾರೇನ್ಲಾ?" ಅಂದು ಅಕ್ಕ ಫೋನ್ ಇಟ್ಟರು.

ಅವತ್ತು ಸಂಜೆ ಮೇಷ್ಟ್ರು ಎಲ್ಲರ ತಿಳುವಳಿಕೆಗೆಂದು ಕಟ್ಟೆಯಲ್ಲಿ ಬರೆದರು: "ಅಕ್ಕನವರಿಗೆ ಯಾರ ಮೇಲೂ ಕೋಪವಿಲ್ಲ. ಮುದ್ದೆ, ಅವರೆಕಾಳಿನ ಸಾರು ಮಾಡಿದ್ದರು. ಎರಡನೆಯ ಸಲವೂ ಬಡಿಸಿದರು."

ಮರುದಿನ ಸಾಲಗಾಮೆ ಗೌಡರ ಫೋನು: "ಸಾ, ಅಕ್ಕಂಗೆ ನನ್ ಮ್ಯಾಲೂ ಕ್ವಾಪ ಬಂದಿರಂಗೆ ಕಾಣ್ತದೆ. ನಾಳೆ ಊಟದ್ ಒತ್ಗೆ ಓಗ್ ಬತ್ತೀನಿ."

ಗಂಡನನ್ನು ದೂರವಿಡಿ

ಆಮೇಲೆ ಬಂದದ್ದು ದೊಡ್ಡ ಬದಲಾವಣೆ. ಯಾರು ಏನೇ ಕೇಳಲಿ, ಮೊದಲು ಯಂತ್ರವೇ ಉತ್ತರ ಕೊಡುತ್ತದೆ. ಅದು ತನ್ನ ಸ್ವಂತ ಬುದ್ಧಿಯಿಂದೇನೂ ಕೊಡುವುದಿಲ್ಲ. ನಮ್ಮವರು ಇಷ್ಟು ವರ್ಷ ಬರೆದದ್ದನ್ನೆಲ್ಲ ಕಲಸಿ, ಬರೆದವರ ಹೆಸರು ತೆಗೆದು, ಶುದ್ಧ ಕನ್ನಡದಲ್ಲಿ ಬಡಿಸುತ್ತದೆ. ಮನುಷ್ಯರ ಉತ್ತರ ಬೇಕಾದರೆ ಕೆಳಗೆ ಎಲ್ಲೋ ಮೂಲೆಯಲ್ಲಿ ಹುಡುಕಬೇಕು.

ಒಂದು ಬೆಳಿಗ್ಗೆ ಪಕ್ಕದ ಹಳ್ಳಿಯ ಒಬ್ಬ ಯಜಮಾನರು ಅಂಗಡಿಗೆ ಬಂದು ಮುಖ ಊದಿಸಿಕೊಂಡು ಕೂತರು. ಅವರ ಹೆಂಡತಿ "ಹಾಲು ಕರೆಯುವಾಗ ಎಮ್ಮೆ ಒದೆಯುತ್ತದೆ, ಏನು ಮಾಡಲಿ" ಎಂದು ಕಟ್ಟೆಯಲ್ಲಿ ಕೇಳಿದ್ದರಂತೆ. ಯಂತ್ರದ ಉತ್ತರವನ್ನು ನನಗೆ ತೋರಿಸಿದರು: "ಪ್ರಥಮ ಹಂತವಾಗಿ ಪತಿಯನ್ನು ಕೊಟ್ಟಿಗೆಯಿಂದ ದೂರವಿಡುವುದು ಪರಿಣಾಮಕಾರಿ."

ಓದಿದ ಕೂಡಲೇ ಗೊತ್ತಾಯಿತು. ಹಿಂದೆ ಯಾವಾಗಲೋ ಅಕ್ಕ ಬೇರೆ ಯಾರಿಗೋ ತಮಾಷೆಗೆ ಹೇಳಿದ್ದ ಮಾತು. "ಮೊದ್ಲು ನಿನ್ ಗಂಡನ್ನ ಕೊಟ್ಗೆಯಿಂದ ಆಚೆ ಓಡ್ಸವ್ವ" ಎಂದು ಶುರುಮಾಡಿ, ಆಮೇಲೆ ಕೆಚ್ಚಲು ಹೇಗೆ ನೋಡಬೇಕು ಎಂದು ನಿಜವಾದ ಉತ್ತರ ಹೇಳಿದ್ದರು. ಯಂತ್ರ ತಮಾಷೆಯನ್ನು ಇಟ್ಟುಕೊಂಡು ಕೆಚ್ಚಲನ್ನು ಬಿಟ್ಟಿತ್ತು.

"ಅದು ತಮಾಷೆ ಕಣ್ರೀ. ನಿಮ್ಮ ಮನೆಯವ್ರಿಗೆ ನಾನೇ ಹೇಳ್ತೀನಿ" ಅಂದೆ.

"ಏನ್ ಏಳ್ತೀರಾ? ನನ್ನ ಕೊಟ್ಗೆ ಒಳಕ್ಕೆ ಬುಟ್ಟಿಲ್ಲ ಅವ್ಳು. ನನ್ ಕೊಟ್ಗೆ, ನನ್ ಎಮ್ಮೆ!"

"ಎಮ್ಮೆ ಈಗ್ಲೂ ಒದೀತಾ ಇದೆಯಾ?"

ಯಜಮಾನರು ಮೊಬೈಲನ್ನು ಜೇಬಿಗೆ ಹಾಕಿಕೊಂಡರು. "ಅದೇ ಸಾ ಕಷ್ಟ. ಒದೆಯೋದು ನಿಂತೋಗ್ಬುಟ್ಟದೆ."

ನಾನು ನಕ್ಕೆ. ಆದರೆ ನಗು ಹೆಚ್ಚು ಹೊತ್ತು ಇರಲಿಲ್ಲ. ಈ ಕಥೆ ಹೇಳಿ ಅಕ್ಕನನ್ನೂ ನಗಿಸೋಣ ಎಂದು ಹಳೇಕೋಟೆಗೆ ಫೋನ್ ಮಾಡಿದೆ. ಅಕ್ಕ ನಗಲಿಲ್ಲ.

"ನನ್ ಮಾತು ನನ್ ಎಸ್ರಿಲ್ದೆ ಓಡಾಡ್ತಾ ಅದೆ ಅಂದಂಗಾಯ್ತು. ಊಟ ಕೇಳ್ದೆ, ಕೆಚ್ಲು ನೋಡ್ದೆ. ನಾಳೆ ಯಾರ್ದಾದ್ರೂ ದನ ಸತ್ರೆ ಯಾರ್ನ ಕೇಳ್ತಾರಪ್ಪ? ಸಾಕು ಕಣಪ್ಪ. ನಾನಿನ್ನು ಬರಾಕಿಲ್ಲ."

ಅಂಗಡಿಯಲ್ಲಿ ಜೆರಾಕ್ಸ್ ಯಂತ್ರ ಒಂದೇ ಸಮ ಓಡುತ್ತಿತ್ತು. ನನಗೆ ಅಳು ಬಂದಂತಾಯಿತು, ಹೇಳುವುದಕ್ಕೇನು ನಾಚಿಕೆ. ಅಕ್ಕ ಹೋದರೆ ದನಕರು ವಿಭಾಗ ಹೋಯಿತು, ಅದು ಹೋದರೆ ಕಟ್ಟೆಗೆ ಯಾರು ಬರುತ್ತಾರೆ? ಮಿಕ್ಕವರೆಲ್ಲ ಬರುತ್ತಿದ್ದುದೇ ಅಕ್ಕ ಇದ್ದಾರೆ ಎಂದು. ಸಂಬಳವಿಲ್ಲದ ಆ ಕೆಲಸವನ್ನು ನಾನು ಇಷ್ಟು ಹಚ್ಚಿಕೊಂಡಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ಕಂಪನಿಯ ಹುಡುಗಿಗೆ ಎಲ್ಲ ಹೇಳಿದೆ. ಗಮನಕ್ಕೆ ತಗೊಂಡಳು.

ಮುಷ್ಕರ

ಅಕ್ಕ ಬಿಟ್ಟರು ಎಂದು ಕೇಳಿ ಮೇಷ್ಟ್ರು ಕೆರಳಿದರು. ಮುಷ್ಕರ ಮಾಡೋಣ, ಯಾರೂ ಯಾವ ಪ್ರಶ್ನೆಗೂ ಉತ್ತರ ಕೊಡಬಾರದು, ಆಗ ಕಂಪನಿಗೆ ಬುದ್ಧಿ ಬರುತ್ತದೆ ಎಂದರು. ಪ್ರತಿ ಪ್ರಶ್ನೆಯ ಕೆಳಗೂ ಹಾಕಲು ಒಂದು ಘೋಷಣೆಯನ್ನೂ ಬರೆದುಕೊಟ್ಟರು: "ನಾವು ಹಳೇಕೋಟೆ ಅಕ್ಕನ ಕಡೆಯವರು. ಮುಷ್ಕರದಲ್ಲಿದ್ದೇವೆ. ಊಟ ಆಯ್ತಾ?"

ಕೊನೆಯ ಮಾತು ಅಕ್ಕನ ಗೌರವಕ್ಕೆ. ಘೋಷಣೆ ಮೊದಲು ಬಂದದ್ದರಿಂದ ಕಂಪ್ಯೂಟರ್ ಅದನ್ನು ಕತ್ತರಿಸಲೂ ಇಲ್ಲ. ಮೇಷ್ಟ್ರು ಹಿಗ್ಗಿದರು.

ಮುಷ್ಕರದ ಮೊದಲ ಬೆಳಿಗ್ಗೆ ಬಂದ ಮೊದಲ ಪ್ರಶ್ನೆ ನಮ್ಮ ಗೌಡರದ್ದೇ. "ನಾನೂ ಮುಷ್ಕರದಲ್ಲೇ ಇವ್ನಿ. ಆದ್ರೆ ಆಲೂಗೆಡ್ಡೆಗೆ ಗೊತ್ತಿಲ್ಲ. ಎಲೆ ಕಪ್ಪಾಗ್ತಾ ಅದೆ, ಅಂಗಮಾರಿ ರೋಗ ಬಂದಂಗದೆ. ದಯವಿಟ್ಟು ಯಾರೂ ಉತ್ತರ ಕೊಡಬ್ಯಾಡಿ. ಕೊಡಂಗಿದ್ರೆ ಬೇಗ ಕೊಡಿ."

ಬೆಳೆ ಕಪ್ಪಾಗುವುದನ್ನು ನೋಡಿಕೊಂಡು ಸುಮ್ಮನಿರಲು ನಮ್ಮವರಿಂದ ಆಗುತ್ತದೆಯೇ? ಮೊದಲು ಕೈ ಸೋತವರು ಮೇಷ್ಟ್ರೇ. "ನಾವು ಹಳೇಕೋಟೆ ಅಕ್ಕನ ಕಡೆಯವರು. ಮುಷ್ಕರದಲ್ಲಿದ್ದೇವೆ. ಊಟ ಆಯ್ತಾ? ಉತ್ತರ ಕೊಡುವುದಿಲ್ಲ. ಆದರೆ ಉತ್ತರ ಕೊಡುತ್ತಿದ್ದರೆ, ರೋಗದ ಗಿಡ ಇವತ್ತೇ ಕಿತ್ತು ಹೊಲದಾಚೆ ಹಾಕಿ, ನೀರು ನಿಲ್ಲದ ಹಾಗೆ ನೋಡಿಕೊಳ್ಳಿ ಎನ್ನುತ್ತಿದ್ದೆವು." ಅವರ ಹಿಂದೆ ಎಲ್ಲರೂ ಶುರುಮಾಡಿದರು. ಮುಷ್ಕರದಲ್ಲಿದ್ದೇವೆ, ಊಟ ಆಯ್ತಾ, ಉತ್ತರ ಕೊಡುತ್ತಿದ್ದರೆ ಈ ಔಷಧಿ ಎನ್ನುತ್ತಿದ್ದೆವು. ಮುಷ್ಕರ ಮಾಡಲೆಂದೇ ಹಳಬರೆಲ್ಲ ವಾಪಸ್ ಬಂದರು. ಕಟ್ಟೆಯಲ್ಲಿ ಅಷ್ಟು ಉತ್ತರ ನಾನು ಯಾವತ್ತೂ ಕಂಡಿರಲಿಲ್ಲ.

ವಾರದ ಕೊನೆಗೆ ಕಂಪನಿಯ ಹುಡುಗಿ ಖುಷಿಯಿಂದ ಫೋನ್ ಮಾಡಿದಳು. "ಅಭಿನಂದನೆ ಸರ್! ಹೊಸ ಬದಲಾವಣೆ ಬಂದ್ಮೇಲೆ ಜನ ಎಷ್ಟು ಚುರುಕಾಗಿದ್ದಾರೆ ನೋಡಿ. ಮೇಲಿನವರು ಇದನ್ನ ಕಾಯಂ ಮಾಡಿದ್ದಾರೆ."

ನಾನು ಅಂಗಡಿಯ ಶಟರ್ ಅರ್ಧ ಎಳೆದು ಒಳಗೆ ಕೂತುಬಿಟ್ಟೆ.

ಅದೂ ನಮ್ಮ ಕಡೆ

ಕೆಲವು ವಾರ ಕಳೆದವು. ಅಕ್ಕ ಕಟ್ಟೆಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ದಿನ ಆ ಹುಡುಗಿ ಫೋನ್ ಮಾಡಿದಳು. ಈ ಸಲ ದನಿಯಲ್ಲಿ ಖುಷಿಯಿರಲಿಲ್ಲ.

"ಸರ್, ಹಳೇಕೋಟೆ ಅಕ್ಕ ಅಂದ್ರೆ ಯಾರು? ಯಾವ ಸಂಘಟನೆಯವರು?"

ಯಂತ್ರ ನಮ್ಮವರ ಉತ್ತರಗಳಿಂದ ಕಲಿಯುತ್ತದಲ್ಲ, ಮುಷ್ಕರದ ಉತ್ತರಗಳನ್ನೂ ಕಲಿತುಬಿಟ್ಟಿತ್ತು. ಈಗ ಎಲ್ಲೋ ದೂರದ ಜಿಲ್ಲೆಯವರು ಜೋಳದ ಬಗ್ಗೆ ಕೇಳಿದರೂ ಅದು ಮೊದಲು ತಾನು ಮುಷ್ಕರದಲ್ಲಿರುವುದಾಗಿ ಹೇಳುತ್ತದಂತೆ. ಎಷ್ಟು ಸರಿಪಡಿಸಿದರೂ ಬಿಡುತ್ತಿಲ್ಲವಂತೆ.

"ಸರ್, ದಯವಿಟ್ಟು ಆ ಅಕ್ಕನಿಗೆ ಮುಷ್ಕರ ವಾಪಸ್ ತಗೊಳ್ಳೋಕೆ ಹೇಳಿ."

"ಗಮನಕ್ಕೆ ತಗೊಂಡೆ ಕಣಮ್ಮ" ಅಂದೆ. ಆ ವರ್ಷ ನನಗೆ ಸಿಕ್ಕ ಸುಖ ಅದೊಂದೇ.

ಅದೇ ವಾರ ಅಕ್ಕ ನೆಂಟರ ಮನೆ ಮದುವೆಗೆಂದು ಚನ್ನರಾಯಪಟ್ಟಣಕ್ಕೆ ಬಂದವರು ಬಸ್ಸಿಗೆ ಕಾಯುತ್ತಾ ಅಂಗಡಿಯಲ್ಲಿ ಕೂತರು. ವಿಷಯ ಹೇಳಿದೆ. ನಂಬಲಿಲ್ಲ. ಅಷ್ಟರಲ್ಲಿ ಯಾರೋ ಹೆಣ್ಣುಮಗಳು ಕಟ್ಟೆಯಲ್ಲಿ ಕೇಳಿದ್ದ ಪ್ರಶ್ನೆ ನನ್ನ ಫೋನಿನಲ್ಲಿ ಕಾಣುತ್ತಿತ್ತು: ಕರು ಹಾಕಿದ ಎಮ್ಮೆ ಎದ್ದು ನಿಲ್ಲುತ್ತಿಲ್ಲ. ಯಂತ್ರದ ಉತ್ತರವನ್ನು ಜೋರಾಗಿ ಓದಿಸಿದೆ. ಹೆಂಗಸಿನ ಮೆತ್ತನೆಯ ದನಿಯಲ್ಲಿ ಫೋನ್ ಹೇಳಿತು: "ನಾವು ಹಳೇಕೋಟೆ ಅಕ್ಕನ ಕಡೆಯವರು. ಮುಷ್ಕರದಲ್ಲಿದ್ದೇವೆ. ಊಟ ಆಯಿತೇ? ಉತ್ತರ ಕೊಡುವುದಿಲ್ಲ."

ಅಷ್ಟಕ್ಕೇ ನಿಂತಿತು. ಎಮ್ಮೆಯ ವಿಚಾರ ಬರಲೇ ಇಲ್ಲ. ಮುಷ್ಕರ ಹೇಗೆ ಮಾಡಬೇಕೆಂದು ನಮ್ಮೆಲ್ಲರಿಗಿಂತ ಅದಕ್ಕೇ ಸರಿಯಾಗಿ ಅರ್ಥವಾಗಿತ್ತು.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಯ್ಯೋ, ಇದೂ ನಮ್ ಕಡೆಗೆ ಬಂದ್ಬುಡ್ತಾ! ಮುಯ್ಯಿ ಆಕ್ಬುಡ್ತಲ್ಲಪ್ಪ ನಂಗೆ. ಈಗ ತೀರಿಸ್ದೆ ಇರಾಕಾಯ್ತದಾ?"

ಫೋನ್ ಕಸಿದುಕೊಂಡು ಬಾಯಿಯ ಹತ್ತಿರ ಹಿಡಿದು, ಬೇರೆಯವರ ಮಗುವನ್ನು ಮಾತಾಡಿಸುವಂತೆ ಕೇಳಿದರು: "ನಿಂದು ಊಟ ಆಯ್ತಾ ಮಗಾ?"

ಯಂತ್ರ ಹೇಳಿತು: "ಕ್ಷಮಿಸಿ, ಈ ಪ್ರಶ್ನೆಗೆ ಉತ್ತರ ಲಭ್ಯವಿಲ್ಲ."

ಅಕ್ಕ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನಿಜವಾದ ಮರುಕವಿತ್ತು.

"ಉಂಡಿಲ್ಲ ಕಣಪ್ಪ ಪಾಪ! ಒಟ್ಟೆ ಅಸ್ದಿರೋದ್ರ ಕೈಗೆ ಬಾಣಂತಿ ಎಮ್ಮೆ ಕೊಟ್ಟು ಕೂತಿದ್ದೀರಲ್ಲಾ, ನಿಮ್ಗೆ ಬುದ್ಧಿ ಅದಾ? ಬಸ್ಸು ಓದ್ರೆ ಓಗ್ಲಿ. ತಡಿ, ಆ ಹೆಣ್ಮಗಳ್ಗೆ ನಾನೇ ಉತ್ರ ಏಳ್ತೀನಿ."