ಮೂರನೆಯ ದೋಣಿಯ ಹುಳುಕು

ಮಾವನವರ ಇಪ್ಪತ್ತೆಂಟು ವರ್ಷದ ಪುಟ್ಟ ಹಾಯಿದೋಣಿಯನ್ನು ನಾನೇ ಪರೀಕ್ಷಿಸಿ, ನಾನೇ ರಿಪೇರಿ ಮಾಡುತ್ತೇನೆಂದು ಊಟಕ್ಕೆ ಕೂತಾಗ ಘೋಷಿಸಿದೆ. ಬಡಗಿಯನ್ನು ಕರೆಸೋಣವೇ ಎಂದಳು ನನ್ನವಳು. ಮರದ ನಾಡಿ ಹಿಡಿಯಬಲ್ಲ ಗಂಡ ಮನೆಯಲ್ಲೇ ಇರುವಾಗ ಬಡಗಿ ಯಾಕೆ! ಮಂಡಿ ಆಪರೇಷನ್ ಆಗಿ ಆರು ತಿಂಗಳಿಂದ ಕುರ್ಚಿಗಂಟಿದ್ದ ಮಾವ, ಆ ತಿಂಗಳ ಮೂರನೆಯ ಭಾನುವಾರ ಮಗಳ ಜೊತೆ ನೀರಿಗಿಳಿಯಲು ದಿನ ಎಣಿಸುತ್ತಿದ್ದರು.

ಮೊದಲ ಭಾನುವಾರ ದಡದ ಶೆಡ್ಡಿಗೆ ಹೋದೆ. ಒಂದೇ ಥರದ ನೀಲಿ ಟಾರ್ಪಾಲು ಹೊದ್ದು ಏಳು ದೋಣಿಗಳು ಸಾಲಾಗಿ ಮಲಗಿದ್ದವು. ಬಾಗಿಲಿನಿಂದ ಮೂರನೆಯದು ನಮ್ಮದು. ಮರ ಕೊಳೆತಿದ್ದರೆ ಸ್ಕ್ರೂಡ್ರೈವರ್ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಚುಚ್ಚಿದೆ, ಹಿಂಬದಿಯ ಹಲಗೆಯಲ್ಲಿ ಸಲೀಸಾಗಿ ಇಳಿಯಿತು. ಕೂರುವ ಮಣೆಯೂ ಬಿರುಕು ಬಿಟ್ಟಿತ್ತು. ಎಲ್ಲ ಬರೆದು, ಆ ಪಟ್ಟಿಯನ್ನು ರಾಜಶಾಸನದ ಗತ್ತಿನಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಎರಡನೆಯ ಭಾನುವಾರ ಮೂರನೆಯ ಟಾರ್ಪಾಲು ಎತ್ತಿದರೆ, ಹಲಗೆ ಕಲ್ಲಿನಂತಿದೆ! ಬಿರುಕಿನ ಸುಳಿವೂ ಇಲ್ಲ. ಕನ್ನಡಕ ಒರೆಸಿಕೊಂಡೆ. ಆ ಬದಿಗೆ ಹೋದೆ, ಈ ಬದಿಗೆ ಬಂದೆ. ದೋಣಿಗೆ ಹಿಂದೆ ಯಾವುದು, ಮುಂದೆ ಯಾವುದು ಎಂಬುದೂ ಅನುಮಾನಕ್ಕೆ ಬಂತು. ಹೋದ ವಾರ ಇದ್ದ ಹುಳುಕು ಈ ವಾರ ಎಲ್ಲಿಗೆ ಹೋದೀತು? ಒಳಗೆಲ್ಲೋ ಅಡಗಿದೆ ಎಂದು ಜೋರಾಗಿ ಚುಚ್ಚಿದೆ. ಇಳಿಯಲಿಲ್ಲ. ಸುತ್ತಿಗೆಯಿಂದ ಹೊಡೆದು ಇಳಿಸಿದೆ. ಹನ್ನೊಂದು ತೂತಾದರೂ ಹುಳುಕು ಸಿಗಲಿಲ್ಲ. ಕೊನೆಗೆ ತೂತುಗಳಿಗೆ ಪುಟ್ಟಿ ಮೆತ್ತಿ, ಇಡೀ ದೋಣಿಗೆ ವಾರ್ನಿಷ್ ಬಳಿದೆ, ಹಗ್ಗ ರಾಟೆಗಳ ಸಮೇತ.

ಮರ ತನ್ನಷ್ಟಕ್ಕೆ ತಾನೇ ವಾಸಿಯಾಗುತ್ತದೆಯೇ ಎಂದು ಮನೆಗೆ ಬಂದು ಕೇಳಿದೆ. ಒಳ್ಳೆಯ ಜಾತಿಯ ಮರವಾದರೆ ಆಗುತ್ತದೆ ಎಂದು ನನ್ನವಳು ತುಟಿ ಕಚ್ಚಿಕೊಂಡು ಅಡುಗೆಮನೆಗೆ ನಡೆದಳು.

ಮೂರನೆಯ ಭಾನುವಾರ ಮಾವ ಕೋಲೂರುತ್ತ ಬಂದರು. ನಾನು ಹೊಳಪೇರಿಸಿದ್ದ ದೋಣಿಯನ್ನು ತಿರುಗಿಯೂ ನೋಡದೆ ದಾಟಿಹೋಗಿ, ಕಟ್ಟಕಡೆಯ ಟಾರ್ಪಾಲು ಸರಿಸಿದರು. ಅಲ್ಲಿದ್ದ ದೋಣಿಯ ಹಿಂಬದಿಗೆ ಹೊಸ ಹಲಗೆ! ಅವರು ಅದನ್ನು ಮಗುವಿನ ಬೆನ್ನು ಸವರುವಂತೆ ಸವರಿದರು.

"ಅದು ನಮ್ದಲ್ಲ, ಮಾವ. ನಮ್ದು ಇಲ್ಲಿದೆ," ಎಂದೆ.

"ಟಾರ್ಪಾಲು ಹೊದ್ದಿದ್ರೂ ನನ್ನ ದೋಣಿ ನಂಗೆ ಗೊತ್ತಾಗಲ್ವಾ, ಅಳಿಯಂದ್ರೇ?"

ನನ್ನವಳು ನೆಲ ನೋಡುತ್ತ ಬಾಯಿಬಿಟ್ಟಳು. ನಾನು ಪಟ್ಟಿ ಅಂಟಿಸಿದ ಮರುದಿನವೇ ಬಡಗಿಯನ್ನು ಕಳಿಸಿದ್ದಳಂತೆ. ಅವನು ಬೆಳಕು ಸಾಲದೆಂದು ನಮ್ಮ ದೋಣಿಯನ್ನು ಕೊನೆಯ ಕಿಟಕಿಯ ಬಳಿಗೆ ಎಳೆದೊಯ್ದು, ಅದರಾಚೆಗಿದ್ದವನ್ನೆಲ್ಲ ಒಂದೊಂದು ಸ್ಥಾನ ಬಾಗಿಲ ಕಡೆಗೆ ಸರಿಸಿದನಂತೆ.

"ಹೇಳಿದ್ರೆ ನಿಮ್ಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ ಕಣ್ರೀ," ಎಂದಳು.

ಹಾಗಾದರೆ ನಾನು ತೂತು ಹೊಡೆದದ್ದು ಯಾರ ದೋಣಿಗೆ? ಉತ್ತರ ಬಾಗಿಲಲ್ಲೇ ನಿಂತಿತ್ತು. ನಮ್ಮ ಪಕ್ಕದ, ನಾಲ್ಕನೆಯ ದೋಣಿಯ ಒಡತಿ, ಹಲ್ಲಿನ ಡಾಕ್ಟರಮ್ಮ! ಅವರು ಬಗ್ಗಿ, ಹನ್ನೊಂದು ತೂತುಗಳನ್ನೂ ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡಿದರು.

"ಹುಳುಕಿಲ್ಲದ ಕಡೆ ಕೊರೆಯೋಕೆ ನಂಗೂ ಧೈರ್ಯ ಬರಲ್ಲ," ಎಂದರು.

ಅಪ್ಪ ಮಗಳು ಹಾಯಿ ಬಿಚ್ಚಿ ಹೊರಟರು. ಆರು ತಿಂಗಳಿಂದ ಕೇಳದ ಮಾವನ ನಗು ನೀರಿನ ಮೇಲಿಂದ ತೇಲಿ ಬರುತ್ತಿತ್ತು. ನಾನು ಸ್ಯಾಂಡ್‌ಪೇಪರ್ ಹಿಡಿದು ವಾರ್ನಿಷ್ ಕೆರೆಯುತ್ತ, ಮೂರನೆಯದು ಏಳನೆಯದಾಗಿ ನಾಲ್ಕನೆಯದು ಮೂರನೆಯದಾದ ಲೆಕ್ಕವನ್ನು ಡಾಕ್ಟರಮ್ಮನಿಗೆ ಮೂರನೆಯ ಸಲ ವಿವರಿಸುತ್ತಿದ್ದೆ. ಅವರು ಕುರ್ಚಿ ಎಳೆದುಕೊಂಡು ಕೂತು ಶಾಂತವಾಗಿ ಹೇಳಿದರು:

"ಎಲ್ಲರಿಗೂ ಬಾಯಿ ತೆಗೀರಿ ಅಂತೀನಿ. ನೀವು ಮಾತ್ರ ಬಾಯಿ ಮುಚ್ಕೊಂಡು ಉಜ್ಜಿ."