ಜೂನ್ ಒಂದರಂದು ಹುಟ್ಟಿದವರು

ಕಾಪುವಿನ ಶಾಲೆಯೊಂದರಲ್ಲಿ ನಾನು ಕ್ಲಾರ್ಕ್. ಮಕ್ಕಳ ಹುಟ್ಟಿದ ದಿನ ಬರೆದುಕೊಳ್ಳುವುದೇ ಕೆಲಸವಾದ್ದರಿಂದ, ಯಾವ ಕಾಲದಲ್ಲಿ ಹುಟ್ಟಿದರೆ ಎಂಥ ಗುಣ ಎಂಬ ಪ್ರವಚನ ನನಗೆ ಪುಕ್ಕಟೆ. ಬೇಡವೆಂದರೂ ಬಿಡುವವರಿಲ್ಲ.

೧. ದಡದ ಮಗು

ಮೀನುಗಾರರೊಬ್ಬರು ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದರು.

"ಇವಳು ಮಳೆಗಾಲದಲ್ಲಿ, ಬೋಟು ದಡದಲ್ಲಿದ್ದಾಗ ಹುಟ್ಟಿದ್ದು ಮೇಡಂ. ಹಾಗಾಗಿ ಸ್ವಲ್ಪ ನಿಧಾನ."

"ಹೌದಾ ಮಾರಾಯ್ರೆ" ಎಂದು ಫಾರಂ ತುಂಬಿ ತಲೆ ಎತ್ತುವಷ್ಟರಲ್ಲಿ, ಆ ನಿಧಾನದ ಹುಡುಗಿ ಸ್ಟೂಲು ಹತ್ತಿ ಶಾಲೆ ಬಿಡುವ ಬೆಲ್ಲು ಬಾರಿಸಿಯಾಗಿತ್ತು. ಅರ್ಧ ಶಾಲೆ ಗೇಟು ದಾಟಿತ್ತು.

೨. ಒಂದೇ ದಿನದ ಹೆರಿಗೆ

ಹಳೆಯ ವಿದ್ಯಾರ್ಥಿಯೊಬ್ಬರು ಸರ್ಟಿಫಿಕೇಟಿಗೆ ಬಂದರು. ರಿಜಿಸ್ಟರ್ ತೆರೆದರೆ ಅವರ ಇಡೀ ಕ್ಲಾಸು ಹುಟ್ಟಿದ್ದು ಜೂನ್ ಒಂದು!

"ಎಂತ ಇದು, ಊರಿನ ಹೆಂಗಸರೆಲ್ಲ ಒಟ್ಟಿಗೇ ಹೆತ್ತದ್ದಾ?" ಎಂದರು ಅವರು.

"ಇಲ್ಲಪ್ಪ. ಶಾಲೆ ಶುರುವಾಗುವಾಗ ಪ್ರಾಯ ಸರಿ ಬರಲಿ ಅಂತ ಆಗಿನ ಮೇಷ್ಟ್ರು ಎಲ್ಲರಿಗೂ ಅದೇ ದಿನ ಬರೆದುಬಿಟ್ಟಿದ್ದಾರೆ."

ಅವರು ಕುರ್ಚಿಯಲ್ಲಿ ಕುಸಿದರು. "ಅಯ್ಯೋ, ಮಳೆಗಾಲದವ, ತಂಪು ಮನುಷ್ಯ ಅಂದುಕೊಂಡು ಇಷ್ಟು ವರ್ಷ ಹೆಂಡತಿಯಿಂದ ಎದುರು ಮಾತಾಡದೆ ಬೈಸಿಕೊಂಡೆನಲ್ಲ!"

೩. ಸೆಕೆಯ ಹುಡುಗಿ

ಕೊನೆಗೆ ಈ ಪ್ರವಚನ ನನ್ನ ಮನೆಗೇ ಬಂತು. ಮಣಿಪಾಲದಲ್ಲಿ ಕೆಲಸದಲ್ಲಿರುವ ನನ್ನ ಮಗಳು, ಕಾರ್ಕಳದ ಹುಡುಗ, ಇಬ್ಬರೂ ಮೆಚ್ಚಿಕೊಂಡಿದ್ದರು. ಎಲ್ಲರೂ ಒಪ್ಪಿಯಾಗಿತ್ತು, ಹುಡುಗನ ಅಜ್ಜಿ ಮಾತ್ರ ಬಾಕಿ. ಅಜ್ಜಿ ಬೇಡ ಎಂದರೆ ಆ ಮನೆಯಲ್ಲಿ ಮದುವೆ ಇಲ್ಲ. ಮೊಮ್ಮಗನನ್ನೂ ಹಿರಿಯಡ್ಕದ ತನ್ನ ಅಣ್ಣನನ್ನೂ ಕರೆದುಕೊಂಡು ಅಜ್ಜಿ ಕಟಪಾಡಿಯ ನಮ್ಮ ಮನೆಗೆ ಬಂದರು.

"ಹುಡುಗಿ ಹುಟ್ಟಿದ್ದು ಯಾವ ತಿಂಗಳು?"

"ಏಪ್ರಿಲ್."

"ಸೆಕೆಯಲ್ಲಾ? ಬಾಯಿ ಜೋರಿರುತ್ತದೆ. ನಮಗೆ ಆಗುವುದಿಲ್ಲ."

ಮಗಳ ಮುಖ ಸಣ್ಣದಾಯಿತು. ನಾನು ಬಿಡಲಿಲ್ಲ. "ನೀವು ಯಾವಾಗ ಅಜ್ಜಿ?"

"ಜೂನ್ ಒಂದು. ಅಪ್ಪಟ ಮಳೆಗಾಲ. ನನ್ನ ಸ್ವರ ಪಕ್ಕದ ಮನೆಗೆ ಕೇಳಿದ್ದೇ ಇಲ್ಲ."

ಅಣ್ಣ ಚಾ ಲೋಟ ಕೆಳಗಿಟ್ಟರು. "ಅದು ಮೇಷ್ಟ್ರು ಬರೆದದ್ದು. ನೀನು ಹುಟ್ಟಿದ್ದು ಏಪ್ರಿಲಿನಲ್ಲಿ, ಬಿಸು ಹಬ್ಬದ ದಿನ. ಅಮ್ಮ ಪಾಯಸ ಒಲೆಯಲ್ಲೇ ಬಿಟ್ಟು ಹೆರಿಗೆಗೆ ಮಲಗಿದರು. ಪಾಯಸ ತಳ ಹಿಡಿದದ್ದು ನನಗೆ ಇನ್ನೂ ನೆನಪುಂಟು."

"ಬಾಯಿ ಮುಚ್ಚು!"

ಅಜ್ಜಿಯ ಕೂಗಿಗೆ ಪಕ್ಕದ ಮನೆಯವರು ಹೊರಗೆ ಬಂದು ಇಣುಕಿದರು.

ಅಜ್ಜಿ ನನ್ನ ಮಗಳನ್ನು ನೋಡಿದರು, ಮೂಲೆಯಲ್ಲಿ ಮೌನವಾಗಿ ಕೂತಿದ್ದ ಮೊಮ್ಮಗನನ್ನು ನೋಡಿದರು.

"ಇವನು ನಿಜವಾಗಿಯೂ ಮಳೆಗಾಲದವನು. ಮೂರು ಸಲ ಕೇಳಿದರೆ ಒಂದು ಮಾತು. ಆ ಮನೆಯಲ್ಲಿ ನಾನೊಬ್ಬಳೇ ಎಷ್ಟು ಅಂತ ಮಾತಾಡುವುದು? ಇವಳೂ ಬರಲಿ!"